'ಮುಂದೂಡಿಕೆ', 'ಮುಕ್ತಾಯ', 'ವಿಸರ್ಜನೆ': ವಿಧಾನಮಂಡಲದ ಅಧಿವೇಶನ ನಿಜಕ್ಕೂ ಮುಗಿಯುವುದು ಯಾವಾಗ?

ತುಂಗಾತೀರ (ಪ್ರಶ್ನೆ)

ನಮ್ಮ ವಿಧಾನಮಂಡಲದ ಸುದ್ದಿ ಓದುವಾಗ ಕೆಲವು ಮಾತು ಒಂದರೊಳಗೊಂದು ಕಲಸಿಹೋಗುತ್ತವೆ. ತಿಳಿದವರು ಬಿಡಿಸಿ ಹೇಳಬೇಕು.

'ಸದನವನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಯಿತು' ಅಂದರೆ ಅಧಿವೇಶನ ಮುಗಿಯಿತು ಅಂತಲೇ? ಹಾಗಾದರೆ ಆಮೇಲೆ ರಾಜ್ಯಪಾಲರು ಹೊರಡಿಸುವ ಅಧಿಸೂಚನೆ ಯಾತಕ್ಕೆ? ಅರ್ಧಕ್ಕೆ ನಿಂತ ವಿಧೇಯಕಗಳ ಗತಿ ಏನು? ಅಧಿವೇಶನ ಕರೆಯುವುದು ಸ್ಪೀಕರೋ, ಮುಖ್ಯಮಂತ್ರಿಯೋ, ರಾಜ್ಯಪಾಲರೋ? ಇನ್ನೊಂದು: ವಿಧಾನ ಪರಿಷತ್ತು (ಮೇಲ್ಮನೆ) ವಿಧೇಯಕವನ್ನು ಬೀಳಿಸಿದರೆ ಜಂಟಿ ಅಧಿವೇಶನ ಕರೆದು ಪಾಸು ಮಾಡಿಕೊಳ್ಳಬಹುದು ಎಂಬ ವಾದ ಕೇಳಿಬರುತ್ತಿದೆ. ಅದು ಸರಿಯೇ?

ಕಡತಶಾಖೆ

ದಿನದ ಕಲಾಪವನ್ನು ಅರ್ಧ ಗಂಟೆಗೋ ನಾಳೆಗೋ ಮುಂದೂಡುವುದು ಪೀಠದ ಅಧಿಕಾರ: ವಿಧಾನಸಭೆಯಲ್ಲಿ ಸಭಾಧ್ಯಕ್ಷರು (ಸ್ಪೀಕರ್), ಪರಿಷತ್ತಿನಲ್ಲಿ ಸಭಾಪತಿ. ಕೊನೆಯ ದಿನ ಅನಿರ್ದಿಷ್ಟಾವಧಿಗೆ ಮುಂದೂಡುವವರೂ ಅವರೇ. ಆದರೆ ಅಷ್ಟಕ್ಕೇ ಅಧಿವೇಶನ ಮುಗಿಯುವುದಿಲ್ಲ. ಸಂವಿಧಾನದ 174ನೇ ವಿಧಿಯಡಿ ರಾಜ್ಯಪಾಲರು ಅದನ್ನು ಮುಕ್ತಾಯಗೊಳಿಸಿ ಅಧಿಸೂಚನೆ ಹೊರಡಿಸಬೇಕು. ಕಚೇರಿ ಭಾಷೆಯಲ್ಲಿ ಇದನ್ನೇ ಪ್ರೊರೋಗ್ ಅನ್ನುವುದು. ವಿಸರ್ಜನೆ ಬೇರೆಯೇ. ಅದು ವಿಧಾನಸಭೆಗೆ ಮಾತ್ರ, ಆದ ಮೇಲೆ ಚುನಾವಣೆ. ಪರಿಷತ್ತಿಗೆ ವಿಸರ್ಜನೆ ಇಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಪಾಲು ಸದಸ್ಯರು ನಿವೃತ್ತರಾಗುತ್ತಾರೆ, ಅಷ್ಟೇ.

ಮುಂದೂಡಿಕೆಗೂ ಮುಕ್ತಾಯಕ್ಕೂ ನಡುವೆ ಇರುವ ಆ ಕೆಲವು ದಿನ ಅಥವಾ ವಾರಗಳ ಮೇಲೆ ಕಣ್ಣಿಡಿ. ಆ ಅವಧಿಯಲ್ಲಿ ಸ್ಪೀಕರ್ ಅದೇ ಅಧಿವೇಶನವನ್ನು ಮತ್ತೆ ಸೇರಿಸಬಹುದು, ರಾಜ್ಯಪಾಲರ ಹೊಸ ಆಹ್ವಾನ ಬೇಕಿಲ್ಲ. ಪಂಜಾಬ್ ಸರ್ಕಾರ ಮತ್ತು ಅಲ್ಲಿನ ರಾಜ್ಯಪಾಲರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. ಇನ್ನು ಸರ್ಕಾರದ ಕಡೆಯಿಂದ ನೋಡಿದರೆ, ಎರಡೂ ಸದನ ಅಧಿವೇಶನದಲ್ಲಿರುವಾಗ 213ನೇ ವಿಧಿಯಡಿ ಸುಗ್ರೀವಾಜ್ಞೆ ತರುವಂತಿಲ್ಲ. ಅನಿರ್ದಿಷ್ಟಾವಧಿಗೆ ಮುಂದೂಡಿ ಸುಮ್ಮನಿದ್ದರೆ ಕಾಗದದ ಮೇಲೆ ಅಧಿವೇಶನ ಇನ್ನೂ ಜೀವಂತ. ಸುಗ್ರೀವಾಜ್ಞೆಗೆ ಮೊದಲು ಆ ಅಧಿಸೂಚನೆ ಬರುವುದು ಇದಕ್ಕೇ.

ಒಂದು ಉದಾಹರಣೆ: ಮತಾಂತರ ನಿಷೇಧ ವಿಧೇಯಕ ಎಂದೇ ಹೆಸರಾದದ್ದು 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಪರಿಷತ್ತಿನಲ್ಲಿ ಸಂಖ್ಯಾಬಲ ಇರಲಿಲ್ಲ, ಅಲ್ಲಿ ಮಂಡಿಸಲೇ ಇಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರ್‌ನಲ್ಲಿ ಪರಿಷತ್ತು ಅಂಗೀಕರಿಸಿತು. ಸುಗ್ರೀವಾಜ್ಞೆಯ ಆಯುಸ್ಸು ಸದನ ಮತ್ತೆ ಸೇರಿದ ದಿನದಿಂದ 6 ವಾರ. ಎರಡು ಸದನ ಬೇರೆ ಬೇರೆ ದಿನ ಸೇರಿದರೆ ತಡವಾದ ದಿನವೇ ಲೆಕ್ಕ.

ಬಾಕಿ ವಿಧೇಯಕಗಳ ವಿಷಯ 196ನೇ ವಿಧಿಯಲ್ಲಿದೆ. ಅಧಿವೇಶನ ಮುಕ್ತಾಯವಾದರೆ ಯಾವ ವಿಧೇಯಕವೂ ಬಿದ್ದುಹೋಗುವುದಿಲ್ಲ. ವಿಧಾನಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದದ್ದೂ, ಅಲ್ಲಿ ಪಾಸಾಗಿ ಪರಿಷತ್ತಿನಲ್ಲಿ ಕೂತದ್ದೂ ಬಿದ್ದುಹೋಗುತ್ತವೆ. ಪರಿಷತ್ತಿನಲ್ಲೇ ಮೊದಲು ಮಂಡನೆಯಾಗಿ ವಿಧಾನಸಭೆ ಇನ್ನೂ ಅಂಗೀಕರಿಸದ ವಿಧೇಯಕ ಮಾತ್ರ ಉಳಿಯುತ್ತದೆ. ಪರೀಕ್ಷೆ ಬರೆಯುವವರು ಎಡವುವುದು ಈ ಕೊನೆಯ ಸಾಲಿನಲ್ಲೇ.

ಕರೆಯುವವರು ಯಾರು ಅಂದಿರಿ. ದಿನಾಂಕ ನಿಗದಿ ಮಾಡುವುದು ಸಚಿವ ಸಂಪುಟ, ಆದೇಶ ರಾಜ್ಯಪಾಲರ ಹೆಸರಿನಲ್ಲಿ, ಸದಸ್ಯರಿಗೆ ಆಹ್ವಾನ ಪತ್ರ ಕಳಿಸುವುದು ಆಯಾ ಸದನದ ಕಾರ್ಯದರ್ಶಿ. ರಾಜ್ಯಪಾಲರು ಇದರಲ್ಲಿ ಸಂಪುಟದ ಸಲಹೆಯಂತೆಯೇ ನಡೆಯಬೇಕು ಎಂದು ಅರುಣಾಚಲ ಪ್ರದೇಶದ ನಬಮ್ ರೆಬಿಯಾ ಪ್ರಕರಣದಲ್ಲಿ 2016ರಲ್ಲಿ ತೀರ್ಪಾಗಿದೆ. ಸ್ಥಳವನ್ನೂ ಆ ಆದೇಶವೇ ಹೇಳುತ್ತದೆ. ಚಳಿಗಾಲದ ಅಧಿವೇಶನವನ್ನು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಸಲು ಬೇರೆ ಕಾನೂನು ಬೇಕಾಗದೇ ಇರುವುದು ಅದಕ್ಕೇ.

6 ತಿಂಗಳ ಮಿತಿ ಎಣಿಸುವಾಗಲೂ ತಪ್ಪಾಗುತ್ತದೆ. ಒಂದು ಅಧಿವೇಶನದ ಕೊನೆಯ ಉಪವೇಶನಕ್ಕೂ (ಸದನ ಕೊನೆಯದಾಗಿ ಕೂತ ದಿನಕ್ಕೂ) ಮುಂದಿನದರ ಮೊದಲ ಉಪವೇಶನಕ್ಕೂ ನಡುವೆ 6 ತಿಂಗಳು ದಾಟಬಾರದು. ಮುಕ್ತಾಯದ ಅಧಿಸೂಚನೆಯ ದಿನಾಂಕ ಇಲ್ಲಿ ಲೆಕ್ಕಕ್ಕಿಲ್ಲ. ಕೋವಿಡ್ ವರ್ಷ 2020ರಲ್ಲಿ ಬಜೆಟ್ ಅಧಿವೇಶನ ಮಾರ್ಚ್ 24ಕ್ಕೆ ನಿಂತಿತು, ಮಳೆಗಾಲದ ಅಧಿವೇಶನ ಸೆಪ್ಟೆಂಬರ್ 21ಕ್ಕೆ ಶುರುವಾಯಿತು. ಅಂಚಿಗೆ ಬಂದು ನಿಂತದ್ದು ಕಾಣುತ್ತದಲ್ಲ.

ಇದು ಕನಿಷ್ಠ ಮಿತಿ ಮಾತ್ರ. ವರ್ಷಕ್ಕೆ 60 ದಿನ ಸದನ ನಡೆಯಬೇಕು ಎಂದು ಕರ್ನಾಟಕವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಬಹುತೇಕ ವರ್ಷ ಆ ಅಂಕಿ ಮುಟ್ಟಿಲ್ಲ. ತಾನೇ ಬರೆದುಕೊಂಡ ಮಾತನ್ನು ಸದನ ಉಳಿಸಿಕೊಳ್ಳಬೇಕು, ಇದರಲ್ಲಿ ರಾಜಿ ಸಲ್ಲದು.

ಮೇಲ್ಮನೆ_ಓದು

ಜಂಟಿ ಅಧಿವೇಶನದ ವಾದ ತಪ್ಪು. ಸದನಗಳ ನಡುವಿನ ಬಿಕ್ಕಟ್ಟು ಬಿಡಿಸಲು ಜಂಟಿ ಉಪವೇಶನ ಇರುವುದು ಸಂಸತ್ತಿಗೆ ಮಾತ್ರ, 108ನೇ ವಿಧಿಯಲ್ಲಿ. ರಾಜ್ಯಗಳಿಗೆ ಆ ದಾರಿಯೇ ಇಲ್ಲ. ಗೊಂದಲ ಹುಟ್ಟುವುದು ರಾಜ್ಯಪಾಲರ ಭಾಷಣದಿಂದ: ಸಾರ್ವತ್ರಿಕ ಚುನಾವಣೆಯ ನಂತರದ ಮೊದಲ ಅಧಿವೇಶನ ಮತ್ತು ಪ್ರತಿ ವರ್ಷದ ಮೊದಲ ಅಧಿವೇಶನದ ಆರಂಭದಲ್ಲಿ ಎರಡೂ ಸದನದವರು ಒಟ್ಟಿಗೆ ಕೂರುತ್ತಾರೆ. ಅಲ್ಲಿ ಮತದಾನ ನಡೆಯುವುದಿಲ್ಲ. ವಂದನಾ ನಿರ್ಣಯದ ಚರ್ಚೆ ಆಮೇಲೆ ಆಯಾ ಸದನದಲ್ಲೇ.

ರಾಜ್ಯದಲ್ಲಿ ಬಿಕ್ಕಟ್ಟು ಬಿಡಿಸುವುದು 197ನೇ ವಿಧಿ. ವಿಧಾನಸಭೆ ಕಳಿಸಿದ ವಿಧೇಯಕವನ್ನು ಪರಿಷತ್ತು ತಿರಸ್ಕರಿಸಿದರೆ, ಅಥವಾ ವಿಧಾನಸಭೆ ಒಪ್ಪದ ತಿದ್ದುಪಡಿ ಹಾಕಿದರೆ, ಅಥವಾ ಅಲ್ಲಿ ಮಂಡನೆಯಾಗಿ 3 ತಿಂಗಳು ಕಳೆದರೂ ಪಾಸಾಗದಿದ್ದರೆ, ವಿಧಾನಸಭೆ ಅದನ್ನು ಎರಡನೇ ಸಲ ಅಂಗೀಕರಿಸಿ ಕಳಿಸಬಹುದು. ಆಗ ಪರಿಷತ್ತಿಗೆ ಸಿಗುವುದು 1 ತಿಂಗಳು. ಅಲ್ಲಿಗೂ ಒಪ್ಪದಿದ್ದರೆ ಎರಡೂ ಸದನ ಅಂಗೀಕರಿಸಿದೆ ಎಂದೇ ಭಾವಿಸಿ ರಾಜ್ಯಪಾಲರಿಗೆ ಹೋಗುತ್ತದೆ. ಈ 3 ತಿಂಗಳು ಓಡಲು ಶುರುವಾಗುವುದು ಪರಿಷತ್ತಿನ ಮುಂದೆ ವಿಧೇಯಕ ಇಟ್ಟ ದಿನದಿಂದ. ಕಡತಶಾಖೆ ಹೇಳಿದ ವಿಧೇಯಕದ ಹಾಗೆ ಅಲ್ಲಿ ಇಡದೇ ಇದ್ದರೆ ಗಡಿಯಾರ ಶುರುವೇ ಆಗುವುದಿಲ್ಲ.

ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ತಿದ್ದುಪಡಿ ವಿಧೇಯಕ 2024ರ ಫೆಬ್ರವರಿ 23ರಂದು ಪರಿಷತ್ತಿನಲ್ಲಿ ಧ್ವನಿಮತದಲ್ಲೇ ಬಿತ್ತು. ಸರ್ಕಾರ ತಿಂಗಳು ಮುಗಿಯುವುದರೊಳಗೆ ವಿಧಾನಸಭೆಯಲ್ಲಿ ಮತ್ತೆ ಅಂಗೀಕಾರ ಪಡೆಯಿತು. ತಿರಸ್ಕಾರವಾದರೆ ಕಾಯುವ ಅಗತ್ಯವಿಲ್ಲ, ಅದೇ ಅಧಿವೇಶನದಲ್ಲೇ ಎರಡನೇ ಸಲ ತರಬಹುದು.

ಧನ ವಿಧೇಯಕವನ್ನು (ಮನಿ ಬಿಲ್) ಪರಿಷತ್ತು ಇಟ್ಟುಕೊಳ್ಳಬಹುದಾದ್ದು 14 ದಿನ. ಇಲಾಖಾವಾರು ಬೇಡಿಕೆಗಳ ಮೇಲೆ ಮತ ಹಾಕುವುದು ವಿಧಾನಸಭೆ ಮಾತ್ರ. ಪರಿಷತ್ತು ಬಜೆಟ್ ಮೇಲೆ ಮಾತಾಡಬಹುದು, ಒಂದು ರೂಪಾಯಿ ಕಡಿತ ಮಾಡಲಾಗದು.

ಪರಿಷತ್ತಿನ 75 ಜನರ ಲೆಕ್ಕ ಬೇಕಿದ್ದರೆ: ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮನಿರ್ದೇಶನ 11. ವಿಧಾನಸಭೆಯವರು 224. ಆಂಗ್ಲೋ ಇಂಡಿಯನ್ ನಾಮನಿರ್ದೇಶನ 2020ರಲ್ಲಿ ನಿಂತಿದ್ದರಿಂದ ಹಳೆಯ ಪುಸ್ತಕಗಳ 225 ಈಗಿಲ್ಲ.

ಪೀಠದ_ಕಡೆ

ಪೀಠದ ಬಗ್ಗೆ ಯಾರೂ ಬರೆದಿಲ್ಲ, ಅದನ್ನಷ್ಟು ಸೇರಿಸುತ್ತೇನೆ.

ಹೊಸ ವಿಧಾನಸಭೆಗೆ ಮೊದಲು ಬೇಕಾಗುವುದು ಹಂಗಾಮಿ ಸ್ಪೀಕರ್. ರಾಜ್ಯಪಾಲರು ನೇಮಿಸುತ್ತಾರೆ, ಸಾಮಾನ್ಯವಾಗಿ ಹಿರಿಯ ಸದಸ್ಯರನ್ನು. 2023ರ ಮೇ ತಿಂಗಳಲ್ಲಿ ಆರ್.ವಿ. ದೇಶಪಾಂಡೆ ಆ ಸ್ಥಾನದಲ್ಲಿದ್ದು ಪ್ರಮಾಣವಚನ ಬೋಧಿಸಿದರು, 24ರಂದು ಯು.ಟಿ. ಖಾದರ್ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಪ್ರಮಾಣ ಸ್ವೀಕರಿಸದೆ ಸದನದಲ್ಲಿ ಕೂತರೆ ಅಥವಾ ಮತ ಹಾಕಿದರೆ ದಿನಕ್ಕೆ 500 ರೂಪಾಯಿ ದಂಡ ಎಂದು 193ನೇ ವಿಧಿ ಹೇಳುತ್ತದೆ. ಹಿಂದಿನ ಸ್ಪೀಕರ್ ವಿಸರ್ಜನೆಯ ದಿನವೇ ಇಳಿಯುವುದಿಲ್ಲ. ಹೊಸ ಸಭೆಯ ಮೊದಲ ಉಪವೇಶನದ ತನಕ ಕುರ್ಚಿ ಖಾಲಿ ಬಿಡುವ ಹಾಗಿಲ್ಲ.

ಸ್ಪೀಕರ್ ರಾಜೀನಾಮೆ ಕೊಡುವುದು ಉಪಸಭಾಧ್ಯಕ್ಷರಿಗೆ. ತೆಗೆಯಬೇಕಾದರೆ 14 ದಿನದ ನೋಟಿಸು, ಆಮೇಲೆ ಆಗಿನ ಒಟ್ಟು ಸದಸ್ಯರ ಬಹುಮತ. 224 ಸ್ಥಾನವೂ ತುಂಬಿದ್ದರೆ 113 ಮತ. ಹಾಜರಿದ್ದವರ ಬಹುಮತ ಸಾಲದು, ಇದನ್ನು ಬಹಳ ಜನ ಮರೆಯುತ್ತಾರೆ. ಆ ನಿರ್ಣಯ ಚರ್ಚೆಯಲ್ಲಿರುವಾಗ ಅವರು ಪೀಠದಲ್ಲಿ ಕೂರುವಂತಿಲ್ಲ, ಸದಸ್ಯರಾಗಿ ಮಾತಾಡಬಹುದು, ಮೊದಲ ಸುತ್ತಿನಲ್ಲಿ ಮತವನ್ನೂ ಹಾಕಬಹುದು. ಉಳಿದ ಎಲ್ಲ ವಿಷಯದಲ್ಲಿ ಪೀಠದ ಮತ ಚಲಾವಣೆಯಾಗುವುದು ಎರಡೂ ಕಡೆ ಸಮ ಬಿದ್ದಾಗ ಮಾತ್ರ.

ಕೋರಂ, ಅಂದರೆ ಕಲಾಪ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ಹತ್ತನೇ ಒಂದು ಪಾಲು ಅಥವಾ 10, ಯಾವುದು ಹೆಚ್ಚೋ ಅದು. ಹಾಗಾಗಿ ವಿಧಾನಸಭೆಗೆ 23, ಪರಿಷತ್ತಿಗೆ 10. ಇಲ್ಲದಿದ್ದರೆ ಗಂಟೆ ಬಾರಿಸಿ ಕಾಯಬೇಕು ಅಥವಾ ಮುಂದೂಡಬೇಕು. ಊಟದ ನಂತರದ ಹೊತ್ತಿನಲ್ಲಿ ಕುರ್ಚಿಗಳು ಖಾಲಿ ಇದ್ದರೂ ಯಾರೂ ಎದ್ದು ಕೇಳದಿದ್ದರೆ ಕಲಾಪ ಸಾಗುತ್ತಲೇ ಇರುತ್ತದೆ. ಕೇಳಬೇಕಾದವರು ಸದಸ್ಯರೇ.

ಅಮಾನತಿನ ವಿಷಯದಲ್ಲಿ ಒಂದು ಎಚ್ಚರ. ಮಹಾರಾಷ್ಟ್ರದ 12 ಶಾಸಕರನ್ನು ಒಂದು ವರ್ಷ ಹೊರಗಿಟ್ಟದ್ದು ಅಸಾಂವಿಧಾನಿಕ, ನಡೆಯುತ್ತಿರುವ ಅಧಿವೇಶನ ದಾಟಿ ಅಮಾನತು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿತ್ತು. ನಮ್ಮಲ್ಲಿ 2025ರ ಮಾರ್ಚ್ 21ರಂದು 18 ಶಾಸಕರನ್ನು 6 ತಿಂಗಳು ಅಮಾನತು ಮಾಡಿದಾಗ ಇದೇ ಪ್ರಶ್ನೆ ಎದ್ದಿತು. ಮೇ ತಿಂಗಳಲ್ಲಿ ಆದೇಶ ಹಿಂಪಡೆದರು. ಆ ಕ್ಷೇತ್ರಗಳ ಜನರ ದನಿ ಕೂಡ ಅವರ ಜೊತೆಯೇ ಹೊರಗೆ ಹೋಗುತ್ತದೆ ಅನ್ನುವುದು ಪೀಠಕ್ಕೆ ನೆನಪಿರಬೇಕು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಜಂಟಿ ಅಧಿವೇಶನದ ವಿಷಯ ಈಗ ಸ್ಪಷ್ಟ. ಇನ್ನೊಂದೇ ಪ್ರಶ್ನೆ: ಗದ್ದಲದಲ್ಲಿ ಇಡೀ ದಿನ ಹಾಳಾಯಿತು ಅಂತಾರಲ್ಲ, ಆ ದಿನ ಕೇಳಬೇಕಿದ್ದ ಪ್ರಶ್ನೆಗಳೂ ಉತ್ತರಗಳೂ ಏನಾಗುತ್ತವೆ? ನಮ್ಮ ಕ್ಷೇತ್ರದ ಶಾಸಕರು ಕೇಳಿದ್ದನ್ನು ಎಲ್ಲಿ ನೋಡಬೇಕು?

ಕಡತಶಾಖೆ

ಉತ್ತರ ಹಾಳಾಗುವುದಿಲ್ಲ ಸರ್, ಉಪಪ್ರಶ್ನೆ ಹಾಳಾಗುತ್ತದೆ. ನನ್ನ ಮಟ್ಟಿಗೆ ಗದ್ದಲದ ನಿಜವಾದ ನಷ್ಟ ಅದೇ.

ಚುಕ್ಕೆ ಗುರುತಿನ ಪ್ರಶ್ನೆಗೆ ಮೌಖಿಕ ಉತ್ತರ, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಸದಸ್ಯರು ಎದ್ದು ತಮ್ಮ ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ, ಸಚಿವರು 'ಉತ್ತರ ಒದಗಿಸಲಾಗಿದೆ' ಅನ್ನುತ್ತಾರೆ. ಅಚ್ಚಾದ ಆ ಹಾಳೆಯಲ್ಲಿ ಎಡಗಡೆ ಅ, ಆ, ಇ ಎಂದು ಪ್ರಶ್ನೆಯ ಭಾಗಗಳು, ಬಲಗಡೆ ಅವಕ್ಕೆ ಉತ್ತರ. 'ಎಷ್ಟು ಹುದ್ದೆ ಖಾಲಿ ಇವೆ' ಅಂತ ಅ ಭಾಗ ಕೇಳಿದರೆ ಬಲಗಡೆ ಅಂಕಿ ಇರುತ್ತದೆ. 'ಯಾವಾಗ ತುಂಬುತ್ತೀರಿ' ಎಂಬ ಇ ಭಾಗಕ್ಕೆ 'ಕ್ರಮ ವಹಿಸಲಾಗುತ್ತಿದೆ' ಎಂಬ ಮಾತು. ಆ ಮಾತನ್ನು ಕೆದಕಲು ಇರುವುದೇ ಉಪಪ್ರಶ್ನೆ. ಸದಸ್ಯರು ಬಾವಿಗಿಳಿದು (ಪೀಠದ ಮುಂದಿನ ಜಾಗಕ್ಕೆ ಬಂದು) ಧರಣಿ ಕೂತರೆ ಉಳಿದ ಉತ್ತರಗಳನ್ನೆಲ್ಲ ಮಂಡಿಸಲಾಗಿದೆ ಎಂದು ದಾಖಲಿಸಿ ಮುಂದಕ್ಕೆ ಹೋಗುತ್ತಾರೆ. ಸಚಿವರು ಸುಲಭವಾಗಿ ಪಾರು. ಅದೇ ಮಾತನ್ನು ಸದನದಲ್ಲಿ ನಿಂತು ಭರವಸೆಯಾಗಿ ಹೇಳಿಸಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಅದರ ಬೆನ್ನು ಹತ್ತಲು ಆಧಾರ ಸಿಗುತ್ತಿತ್ತು.

ವಿಧೇಯಕಗಳಿಗೆ ಇನ್ನೂ ಹೆಚ್ಚಿನ ಪೆಟ್ಟು. ಮಂಡನೆ, ಪರ್ಯಾಲೋಚನೆ, ಖಂಡವಾರು ಮತ, ಕೊನೆಗೆ ಅಂಗೀಕಾರ ಅಂತ ಹಂತಗಳಿವೆ. ಖಂಡವಾರು ಹಂತದಲ್ಲಿ 2ನೇ ಖಂಡದಿಂದ ಶುರುಮಾಡಿ, 1ನೇ ಖಂಡ ಮತ್ತು ದೀರ್ಘ ಶೀರ್ಷಿಕೆಯನ್ನು ಕೊನೆಗೆ ಮತಕ್ಕೆ ಹಾಕುತ್ತಾರೆ. ಒಳಗೆ ತಿದ್ದುಪಡಿ ಬಿದ್ದರೆ ಹೆಸರೂ ಬದಲಾಗಬೇಕಾಗಬಹುದು ಎಂಬ ಕಾರಣಕ್ಕೆ. ಗದ್ದಲದಲ್ಲಿ ಇದೆಲ್ಲ ಕೆಲವೇ ನಿಮಿಷದಲ್ಲಿ 'ಹೌದು' 'ಇಲ್ಲ' ಎಂಬ ಧ್ವನಿಮತದಲ್ಲಿ ಮುಗಿಯುತ್ತದೆ. ಯಾರಾದರೂ ಮತ ವಿಭಜನೆ ಕೇಳಿದರೆ ತಲೆ ಎಣಿಸಬೇಕು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ 99ಕ್ಕೆ 105ರಿಂದ ಬಿದ್ದದ್ದು ಹಾಗೆ ಸಾಲು ಸಾಲಾಗಿ ಎಣಿಸಿಯೇ. ಆದರೆ ವಿಭಜನೆ ಕೇಳಲು ತಮ್ಮ ಆಸನದಲ್ಲಿರಬೇಕು, ಬಾವಿಯಲ್ಲಿ ನಿಂತು ಕೂಗಿದರೆ ಕೆಲಸಕ್ಕೆ ಬಾರದು.

ಉತ್ತರಗಳು ವಿಧಾನಸಭೆ ಸಚಿವಾಲಯದ ಜಾಲತಾಣದಲ್ಲಿವೆ. ಪರಿಷತ್ತಿಗೆ ಸಚಿವಾಲಯವೇ ಬೇರೆ, ಅದರವು ಅಲ್ಲಿ. ಮೊದಲು ಸಭೆಯ ಸಂಖ್ಯೆ (2023ರಲ್ಲಿ ಆಯ್ಕೆಯಾದದ್ದು 16ನೇ ವಿಧಾನಸಭೆ), ಆಮೇಲೆ ಅಧಿವೇಶನ, ಆಮೇಲೆ ದಿನಾಂಕ ಹಿಡಿದು ಹೋಗಿ. ಹಲವು ಉತ್ತರಗಳು ಸ್ಕ್ಯಾನ್ ಮಾಡಿದ ಹಾಳೆಗಳು, ಪದ ಹಾಕಿ ಹುಡುಕಿದರೆ ಸಿಗುವುದಿಲ್ಲ. ಆ ದಿನದ ಕಾರ್ಯಕಲಾಪಗಳ ಪಟ್ಟಿಯನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡರೆ ಏನು ನಿಗದಿಯಾಗಿತ್ತು, ಏನು ನಡೆಯಿತು ಎರಡೂ ತಿಳಿಯುತ್ತದೆ.

ಮೇಲ್ಮನೆ_ಓದು

ಪಟ್ಟಿ ಓದುವಾಗ ನಿಯಮಗಳ ಸಂಖ್ಯೆ ಎರಡು ಸದನಕ್ಕೂ ಒಂದೇ ಅಂದುಕೊಳ್ಳಬೇಡಿ. ನಿಲುವಳಿ ಸೂಚನೆ (ನಿಗದಿತ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಲು ಕೇಳುವುದು) ವಿಧಾನಸಭೆಯಲ್ಲಿ ನಿಯಮ 60, ಪರಿಷತ್ತಿನಲ್ಲಿ 59. 'ನಿಲುವಳಿ ಬೇಡ, ಬೇರೆ ರೂಪದಲ್ಲಿ ಚರ್ಚಿಸೋಣ' ಎಂದು ಪೀಠ ಪರಿವರ್ತಿಸಿ ಕೊಡುವುದು ವಿಧಾನಸಭೆಯಲ್ಲಿ 69ಕ್ಕೆ, ಪರಿಷತ್ತಿನಲ್ಲಿ 68ಕ್ಕೆ. ಗಮನ ಸೆಳೆಯುವ ಸೂಚನೆ ವಿಧಾನಸಭೆಯಲ್ಲಿ 73, ಪರಿಷತ್ತಿನಲ್ಲಿ 72. ಪರಿಷತ್ತಿನ ಪಟ್ಟಿಯಲ್ಲಿ ನಿಯಮ 330 ಕಂಡರೆ ಅದಕ್ಕೆ ವಿಧಾನಸಭೆಯ ಪಟ್ಟಿಯಲ್ಲಿ ಅದೇ ಸಂಖ್ಯೆ ಹುಡುಕಬೇಡಿ.