ಮಂಕಾದ ಮಗಳು, ಮೂಲೆ ಸೇರಿದ ಪುಸ್ತಕ

ಪ್ರಶ್ನೆ (ಒಬ್ಬ ತಾಯಿ): ಮೇಡಂ, ಮಗಳಿಗೆ 15 ವರ್ಷ. ಗೆಳತಿಯರು ಇವಳನ್ನು ಗುಂಪಿನಿಂದ ದೂರ ಇಟ್ಟಾಗಿನಿಂದ ಮಂಕಾಗಿದ್ದಾಳೆ. ಏನು ಕೇಳಿದರೂ ‘ಏನಿಲ್ಲ’ ಅಂತಾಳೆ. ಆತ್ಮವಿಶ್ವಾಸ ಬೆಳೆಸುವ ಪುಸ್ತಕ ಕೊಟ್ಟೆ, ಎರಡು ಪುಟ ಓದಿ ಮೂಲೆಗಿಟ್ಟಳು. ಕಥೆ, ಕಾದಂಬರಿ ಓದಿದರೆ ಮನಸ್ಸು ಗಟ್ಟಿಯಾಗುತ್ತೆ ಅಂತಾರಲ್ಲ, ನಿಜವಾ?

ಉತ್ತರ (ಆಪ್ತಸಮಾಲೋಚಕಿ): ಬರೀ ಓದಿದ್ದರಿಂದ ಆಗಲ್ಲ, ಓದಿದ್ದರ ಬಗ್ಗೆ ಮಾತಾಡಿದರೆ ಆಗಬಹುದು. ಅವಳು ಮೂಲೆಗಿಟ್ಟಿದ್ದು ಸಹಜ ಕಣ್ರೀ. ಅಂಥ ಪುಸ್ತಕದಲ್ಲಿ ಪುಟಪುಟಕ್ಕೂ ಬುದ್ಧಿವಾದ. ಅದು ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ. ಕಾದಂಬರಿಯಲ್ಲಾದರೆ ಸಂಕಟ ಬೇರೆ ಯಾರದೋ, ಹಾಗಾಗಿ ಬಾಯಿ ಬಿಡೋದು ಸುಲಭ.

ಅವಳ ಕಥೆಯನ್ನೇ ಹೋಲುವ ಪುಸ್ತಕ ಹುಡುಕಿ ತರಬೇಡಿ, ನಿಮ್ಮ ಉಪಾಯ ತಕ್ಷಣ ಗೊತ್ತಾಗುತ್ತೆ. ಮೂರ್ನಾಲ್ಕು ಪುಸ್ತಕ ಕಣ್ಣಿಗೆ ಬೀಳೋ ಹಾಗೆ ಇಡಿ, ಪತ್ತೇದಾರಿ ಆದರೂ ಸರಿ. ಅವಳು ಎತ್ತಿಕೊಂಡಿದ್ದನ್ನು ನೀವೂ ಓದಿ. ಆಮೇಲೆ ‘ಇದರಿಂದ ಏನು ಕಲಿತೆ?’ ಅಂತ ಮಾತ್ರ ಕೇಳಬೇಡಿ! ‘ಆ ಹುಡುಗಿ ಮನೆಯಲ್ಲಿ ಯಾಕೆ ಹೇಳಲಿಲ್ಲ?’ ‘ಯಾರ ಹತ್ತಿರ ಅತ್ತ ಮೇಲೆ ಹಗುರಾದಳು?’ ಅಂತ ಕೇಳಿ. ಕಥೆಯ ಹುಡುಗಿ ಬಾಗಿಲು ಹಾಕಿಕೊಂಡು ಕೂತಿದ್ದು, ಸಿಟ್ಟಲ್ಲಿ ಮೆಸೇಜ್ ಕಳಿಸಿದ್ದು, ಒಬ್ಬಳು ಹೊಸ ಗೆಳತಿಯನ್ನು ಮಾತಾಡಿಸಿದ್ದು: ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ನಿಮ್ಮ ಮಗಳೇ ತೂಗಿ ನೋಡ್ತಾಳೆ. ಉತ್ತರ ಬರದಿದ್ದರೆ ಅಲ್ಲಿಗೇ ಬಿಡಿ.

ಯಹೂದಿ ಹುಡುಗಿ ಆನ್ ಫ್ರಾಂಕ್‌ಗೆ 1942ರಲ್ಲಿ, 13ನೇ ಹುಟ್ಟುಹಬ್ಬಕ್ಕೆ ಸಿಕ್ಕ ಡೈರಿ ಈ ವಯಸ್ಸಿನವರಿಗೆ ಹಿಡಿಸುತ್ತೆ. ಹಿಟ್ಲರನ ನಾಜಿಗಳಿಗೆ ಹೆದರಿ ಅಡಗಿ ಕೂತ ಮನೆಯಲ್ಲಿ ಕಿಟ್ಟಿ ಎಂಬ ಕಾಲ್ಪನಿಕ ಗೆಳತಿಗೆ ಎಲ್ಲ ಹೇಳಿಕೊಳ್ಳುತ್ತಾಳೆ, ಅಮ್ಮನ ಮೇಲಿನ ಸಿಟ್ಟು ಸಮೇತ. (ಅಮ್ಮಂದಿರು ಸ್ವಲ್ಪ ತಡೆದುಕೊಂಡು ಓದಬೇಕು.)

ಪ್ರಶ್ನೆ (ಒಬ್ಬ ತಂದೆ): ನನ್ನ ಮಗ ಓದುತ್ತಿರೋ ಕಾದಂಬರಿಯಲ್ಲಿ ನಾಯಕ ಆತ್ಮಹತ್ಯೆ ಮಾಡಿಕೊಳ್ತಾನೆ. ಕಿತ್ತುಕೊಳ್ಳಲಾ ಮೇಡಂ?

ಉತ್ತರ: ಬೇಡ ಸರ್, ಕಿತ್ತುಕೊಂಡರೆ ಕದ್ದು ಓದ್ತಾನೆ. ಆದರೆ ನಿಮ್ಮ ಭಯ ಸುಳ್ಳಲ್ಲ. 1774ರಲ್ಲಿ ಜರ್ಮನ್ ಲೇಖಕ ಗಯಟೆಯ ‘ವರ್ಥರ್’ ಕಾದಂಬರಿ ಬಂದಾಗ, ಯುವಕರು ನಾಯಕನ ದಾರಿ ಹಿಡಿದಾರು ಎಂದು ಹೆದರಿ ಕೆಲವು ಊರುಗಳಲ್ಲಿ ನಿಷೇಧಿಸಿದ್ದರು. ದುಃಖದ ಕಥೆಯಿಂದ ತೊಂದರೆಯಿಲ್ಲ. ಸಾವನ್ನೇ ಬಿಡುಗಡೆ ಎಂಬಂತೆ ತೋರಿಸುವುದು ಅಪಾಯ. ನೀವೂ ಓದಿ, ‘ಅವನನ್ನು ಯಾರು, ಯಾವಾಗ ತಡೆಯಬಹುದಿತ್ತು?’ ಅಂತ ಮಾತು ತೆಗೆಯಿರಿ. ‘ನಿನಗೂ ಹಾಗೆ ಅನ್ನಿಸಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಅವನನ್ನು ಒಬ್ಬನೇ ಬಿಡದೆ, ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಮೊದಲು ಕೇಳಿದ ತಾಯಿಗೂ ಒಂದು ಮಾತು: ಮಂಕು, ನಿದ್ದೆಗೇಡು, ಊಟ ಸೇರದಿರುವುದು ಎರಡು ವಾರ ದಾಟಿದ್ದರೆ ಪುಸ್ತಕ ನೆಚ್ಚಿಕೊಂಡು ಕೂರಬೇಡಿ, ತೋರಿಸಿ.