ಹಳೇ ಡಾಡ್ಜ್ ಡಾರ್ಟ್: ಮೀಟರ್ ನಂಬಲಾ, ಎಂಜಿನ್ ನಂಬಲಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಓಹಾಯೋದಲ್ಲಿದ್ದೇನೆ. ಇಲ್ಲಿ 1968ರ ಡಾಡ್ಜ್ ಡಾರ್ಟ್ ಒಂದು ಮಾರಾಟಕ್ಕಿದೆ. 225 ಕ್ಯೂಬಿಕ್ ಇಂಚಿನ, ಆರು ಸಿಲಿಂಡರ್‌ನ ‘ಸ್ಲ್ಯಾಂಟ್ ಸಿಕ್ಸ್’ ಎಂಜಿನ್, ಮೀಟರ್‌ನಲ್ಲಿ 43,000 ಮೈಲಿ. ಈ ಎಂಜಿನ್‌ಗೆ ಸಾವೇ ಇಲ್ಲ ಅಂತಾರೆ ಮಾರುವವರು. ಆ ಕಾಲದ ಎಂಜಿನ್ ಲಕ್ಷ ಮೈಲಿಗೆ ಮುಗಿಯಿತು ಅಂತಾರೆ ಆಫೀಸಿನ ಸ್ನೇಹಿತರು. ಯಾರನ್ನು ನಂಬಲಿ?

ಉತ್ತರ: ಇಬ್ಬರದೂ ಅರ್ಧರ್ಧ ನಿಜ. ಮೊದಲು ಮೀಟರ್ ವಿಷಯ. ಅದರಲ್ಲಿ ಮೈಲಿ ತೋರಿಸಲು ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಹಾಗಾಗಿ ನಿಮ್ಮ 43,000 ನಿಜದಲ್ಲಿ 1,43,000 ಇರಬಹುದು. ಬ್ರೇಕ್ ಪೆಡಲ್ ರಬ್ಬರ್ ಎಷ್ಟು ಸವೆದಿದೆ ನೋಡಿ. ಹೊಸದು ಹಾಕಿದ್ದರೆ ಅದೂ ಒಂದು ಸುಳಿವೇ.

ಎಂಜಿನ್ ಮಾತ್ರ ಗಟ್ಟಿ ಆಸಾಮಿ. ಕ್ರೈಸ್ಲರ್‌ನವರು 1960ರ ವೇಲಿಯಂಟ್ ಕಾರಿನ ಜೊತೆ ತಂದದ್ದು. 30 ಡಿಗ್ರಿ ವಾಲಿ ಕೂತಿರುತ್ತದೆ, ಹೆಸರೂ ಅದಕ್ಕೇ. ಬ್ಲಾಕ್ ಎರಕದ ಕಬ್ಬಿಣ, ಕ್ರ್ಯಾಂಕ್‌ಶಾಫ್ಟ್ ಫೋರ್ಜ್ ಮಾಡಿದ್ದು. 3.7 ಲೀಟರ್ ಇದ್ದೂ ಬರೀ 145 ಹಾರ್ಸ್‌ಪವರ್, ಅದೂ ಆ ಕಾಲದ ಧಾರಾಳ ಲೆಕ್ಕದಲ್ಲಿ. ಮೈಮುರಿದು ದುಡಿಯುವ ಪ್ರಸಂಗವೇ ಬರುವುದಿಲ್ಲ.

ಲಕ್ಷ ಮೈಲಿಯ ಮಾತೂ ಸುಮ್ನೆ ಹುಟ್ಟಿದ್ದಲ್ಲ. ಚಳಿಯಲ್ಲಿ ಚೋಕ್ ಬಿದ್ದರೆ ಕಾರ್ಬುರೇಟರ್‌ನಿಂದ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಅದು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆಯುವುದು ಆಗಲೇ. ನಿಮ್ಮ ಓಹಾಯೋ ಚಳಿ ಗೊತ್ತಲ್ಲ! ಆಗಿನ ಆಯಿಲ್ ಕೂಡ ಈಗಿನಷ್ಟು ಚೆನ್ನಾಗಿರಲಿಲ್ಲ.

ಮರುಪ್ರಶ್ನೆ: ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬರುತ್ತದೆ. ಸೀಸವಿಲ್ಲದ ಪೆಟ್ರೋಲ್ ಹಾಕಿದರೆ ಹಾಳಾಗುತ್ತದಾ?

ಉತ್ತರ: ಸಣ್ಣಗೆ ಟಿಕ್ ಅಂದರೆ ಒಳ್ಳೆಯದೇ. ಇದರ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದನ್ನು ಕೈಯಲ್ಲೇ ಹೊಂದಿಸಬೇಕು. ಬಿಸಿ ಎಂಜಿನ್‌ನಲ್ಲಿ ಇನ್‌ಟೇಕ್‌ಗೆ 0.010 ಇಂಚು, ಎಕ್ಸಾಸ್ಟ್‌ಗೆ 0.020. ಪೂರ್ತಿ ನಿಶ್ಶಬ್ದವಾದರೆ ನನಗೆ ಅನುಮಾನ: ಸಂದು ಮುಚ್ಚಿ ವಾಲ್ವ್ ಸುಡುತ್ತಿರಬಹುದು.

ಪೆಟ್ರೋಲಿನ ಸೀಸ ಎಕ್ಸಾಸ್ಟ್ ವಾಲ್ವ್ ಸೀಟನ್ನು, ಅಂದರೆ ವಾಲ್ವ್ ಮುಚ್ಚಿದಾಗ ಕೂರುವ ಅಂಚನ್ನು, ಕಾಯುತ್ತಿತ್ತು. 1968ರ ಹೆಡ್‌ನಲ್ಲಿ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಗಟ್ಟಿ ಮಾಡಿದ ಸೀಟು ಇರುವುದಿಲ್ಲ. ನಿಧಾನವಾಗಿ ಓಡಿಸಿದರೆ ವರ್ಷಗಟ್ಟಲೆ ನಡೆಯುತ್ತದೆ. ಹೈವೇಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸಿದರೆ ಸೀಟು ಕುಳಿ ಬೀಳುತ್ತದೆ, ಸಂದು ಕಮ್ಮಿಯಾಗುತ್ತದೆ. ಕೊಳ್ಳುವ ಮೊದಲು ಕಂಪ್ರೆಶನ್ ಟೆಸ್ಟ್ ಮಾಡಿಸಿ, ಅಂದರೆ ಪ್ರತಿ ಸಿಲಿಂಡರ್‌ನ ಒತ್ತಡ ಅಳೆಸಿ. ಆರೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು. ಅತಿ ಕಮ್ಮಿ ಇರುವ ಸಿಲಿಂಡರ್, ಅತಿ ಜಾಸ್ತಿ ಇರುವುದರ ಮುಕ್ಕಾಲು ಪಾಲಾದರೂ ಇರಬೇಕು.

ಮರುಪ್ರಶ್ನೆ: ಮಾಡಿಸಿದೆ ಸರ್. ಐದು ಸಿಲಿಂಡರ್ ಸರಿ ಇವೆ. ಒಂದರಲ್ಲಿ ಅರ್ಧದಷ್ಟೇ ಇದೆ. ಒಂದು ಚಮಚ ಆಯಿಲ್ ಬಿಟ್ಟು ನೋಡಿದರೂ ಏರಲಿಲ್ಲ.

ಉತ್ತರ: ಆಯಿಲ್ ಹಾಕಿದಾಗ ಏರಿದ್ದರೆ ರಿಂಗ್ ಅನ್ನುತ್ತಿದ್ದೆ. ಏರಲಿಲ್ಲ, ಪಕ್ಕದವೂ ಸರಿ ಇವೆ ಅಂದರೆ ಬಹುತೇಕ ವಾಲ್ವ್. ಹೆಡ್ ಬಿಚ್ಚಿಸಿ, ಎಕ್ಸಾಸ್ಟ್‌ಗಳಿಗೆಲ್ಲ ಗಟ್ಟಿ ಸೀಟು ಕೂರಿಸಲು ಹೇಳಿ. ಬ್ಲಾಕ್ ಮುಟ್ಟುವುದು ಬೇಡ. ಅದರ ಖರ್ಚನ್ನು ಕಾರಿನ ಬೆಲೆಯಲ್ಲಿ ಮುರಿದುಕೊಂಡರೆ ಕೊಳ್ಳಿ.