ಅಪ್‌ಡೇಟ್: ಪ್ರೆಸ್ ಇಲ್ಲದೆ ವುಡ್‌ಕಟ್

ಡಿಸೈನ್ ಮೊದಲ ವರ್ಷದವರಿಗೆ ಪ್ರೆಸ್ (ಅಚ್ಚು ಒತ್ತುವ ಯಂತ್ರ) ಇಲ್ಲದೆ ವುಡ್‌ಕಟ್, ಅಂದರೆ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಮಸಿ ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದನ್ನು, ಹೇಗೆ ಕಲಿಸಲಿ, ಯಾವ ಹಲಗೆ ಕೊಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕತೆ ಇದು.

ನಿಮ್ಮಲ್ಲಿ ಕೆಲವರು ಹೇಳಿದ ಹಾಗೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಟ್ಟು ಪೈನ್ ಹಲಗೆ ತಂದೆ. ಎಂಡಿಎಫ್‌ನಲ್ಲಿ ಧೂಳು ಜಾಸ್ತಿ, ಮರದ ಎಳೆಯೂ ಇಲ್ಲ. ಎಳೆಯೇ ಇಲ್ಲದ ಮೇಲೆ ಕೆತ್ತಲು ಮೆತ್ತಗಿನ ಲಿನೋಲಿಯಂ ಹಾಳೆ, ಅಂದರೆ ಲಿನೋನೇ ಸಾಕಲ್ವಾ?

ಎಳೆಯ ಗುಂಟ ಉಳಿ ಸಲೀಸಾಗಿ ಓಡುತ್ತದೆ, ಅಡ್ಡ ಹೋದರೆ ಸಿಬಿರು ಏಳುತ್ತದೆ. ಅದಕ್ಕೇ ಗೆರೆಯ ಎರಡೂ ಬದಿ ಮೊದಲು ಚಾಕುವಿನಿಂದ ಗೀರಿಸಿ, ಆಮೇಲೆ ಉಳಿ ಹಿಡಿಸಿದೆ. ಹಿಡಿದುಕೊಳ್ಳುವ ಕೈ ಸದಾ ಉಳಿಯ ಹಿಂದೆಯೇ ಇರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಹಲಗೆಗೆ ಮೊದಲೇ ತೆಳುವಾಗಿ ಕಪ್ಪು ಬಳಿದಿದ್ದು ತುಂಬಾ ಉಪಯೋಗವಾಯಿತು. ಕೆತ್ತಿದ ಜಾಗ ಬೆಳ್ಳಗೆ ಕಾಣುವುದರಿಂದ ಪ್ರಿಂಟ್ ಹೇಗೆ ಬರಬಹುದು ಅಂತ ಅಲ್ಲೇ ಅಂದಾಜು ಸಿಗುತ್ತದೆ. ಚಿತ್ರ ಕಲಾವಿದ ನಂದಲಾಲ್ ಬೋಸರು 1930ರಲ್ಲಿ ಮಾಡಿದ ಗಾಂಧೀಜಿಯ ಲಿನೋಕಟ್ ತೋರಿಸಿದೆ. ಕಪ್ಪಿನ ಮೇಲೆ ಬಿಳಿ ಗೆರೆ, ಅಷ್ಟೇ. ನನ್ನ ಅರ್ಧ ಪಾಠ ಅದೇ ಮಾಡಿತು.

ಮಸಿ ಹಚ್ಚಿದ ಹಲಗೆಯ ಮೇಲೆ ಕಾಗದ ಇಟ್ಟು ಉಜ್ಜಲು, ಪ್ರೆಸ್ ಬದಲು ಸ್ಟೀಲ್ ಚಮಚದ ಬೆನ್ನು. ಕಾಗದ ತೆಳುವಾಗಿದ್ದರೆ ಉಜ್ಜುತ್ತಿದ್ದಂತೆ ಚಿತ್ರ ಹಿಂದಿನಿಂದಲೇ ಮಸುಕಾಗಿ ಮೂಡುತ್ತದೆ. ಎಲ್ಲಿ ಮೂಡಿಲ್ಲವೋ ಅಲ್ಲಿ ಇನ್ನೊಮ್ಮೆ ಉಜ್ಜಿದರಾಯಿತು.

ಮುಂದಿನ ಸಲ ಎರಡು ಬಣ್ಣ. ಎರಡನೇ ಬಣ್ಣ ಸರಿಯಾದ ಜಾಗದಲ್ಲೇ ಬೀಳುವಂತೆ ಕಾಗದ ಕೂರಿಸಲು ನೀವೇನು ಮಾಡುತ್ತೀರಿ, ಹೇಳಿ.